ಹತ್ತೊಂಬತ್ತನೆಯ ಬಾಯಿ

ರೋಗಿಯ ನೋವನ್ನು ತಂತಿಯ ಮೂಲಕ ಒಂದು ನಿಮಿಷ ತನ್ನ ಬಾಯಿಗೆ ಎಳೆದುಕೊಂಡು, ಅದಕ್ಕೆ ಹತ್ತರಲ್ಲಿ ಇಷ್ಟೆಂದು ಅಂಕ ಬರೆಯುವುದು ಔಷಧ ಪರೀಕ್ಷಾ ಕೇಂದ್ರದಲ್ಲಿ ಮಹಾನಂದಾಳ ಕೆಲಸ. ಬೆಳಗಿನಿಂದ ಹದಿನೆಂಟು ಬಾಯಿಗಳ ಉರಿ ಹೊತ್ತು ಅವಳು ಸೋತುಹೋಗಿದ್ದಳು.

ಕೊನೆಗೆ ಬಂದವಳು ಬಳೆ ಮಾರುವ ಮುದುಕಿ ಪೀರಾಂಬಿ. ವರ್ಷಗಳಿಂದ ಮಾಯದ ಬಾಯಿಹುಣ್ಣು ಅವಳದು; ಖಾರ ಮುಟ್ಟುವಂತಿರಲಿಲ್ಲ. ಮೂರು ತಿಂಗಳಿಂದ ಗೋಣಿಸೊಪ್ಪಿನ ಸತ್ವದ ಗುಳಿಗೆ ನುಂಗುತ್ತಿದ್ದಳು.

“ಪೂರಾ ಆರಾಮ ಆಗೇದವ್ವಾ. ತಂತಿ ಬ್ಯಾಡ, ಸೊನ್ನಿ ಬರ್ಕೊ.”

ಅಷ್ಟು ಮಾತಾಡುವುದರೊಳಗೆ ಅವಳ ಕಣ್ಣಲ್ಲಿ ನೀರು ತುಂಬಿತ್ತು.

“ಸುಳ್ಳ ಯಾಕ ಹೇಳ್ತಿ ಬೇ?” ಎಂದಳು ಮಹಾನಂದಾ.

“ನಿನ್ನ ಮಾರಿ ನೋಡ್ಕೊ. ಎಷ್ಟ ಮಂದೀದು ಹೊರ್ತಿ? ನಂದೊಂದರ ಬಿಡು.”

ಮಹಾನಂದಾ ತಂತಿಯ ಒಂದು ತುದಿಯನ್ನು ಮುದುಕಿಯ ಕೆನ್ನೆಗೆ ಅಂಟಿಸಿ, ಇನ್ನೊಂದನ್ನು ತಾನು ಸಿಕ್ಕಿಸಿಕೊಂಡಳು. ಕೆಂಡ ಕಚ್ಚಿದಂತಾಯಿತು. ಮೊದಲ ದಿನ ಎಷ್ಟಿತ್ತೋ ಈಗಲೂ ಅಷ್ಟೇ. ಗುಳಿಗೆಯಿಂದ ಏನೂ ಆಗಿರಲಿಲ್ಲ. ‘ಎಂಟು’ ಎಂದು ಬರೆದಳು.

ಎದುರಿಗೆ ಪೀರಾಂಬಿ ನೋವಿಲ್ಲದ ಬಾಯೊಳಗೆ ನಾಲಗೆಯಾಡಿಸುತ್ತ ಬೆರಗಾಗಿ ಕೂತಿದ್ದಳು. ನಿಮಿಷ ಮುಗಿದ ಗಂಟೆ ಹೊಡೆಯಿತು. ಮಹಾನಂದಾ ತಂತಿ ಕೀಳಲಿಲ್ಲ. ತನ್ನ ಬುತ್ತಿ ಬಿಚ್ಚಿ, ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿ ಮುದುಕಿಯ ಮುಂದಿಟ್ಟಳು.

“ಸಾವಕಾಶ ಉಣ್ಣು ಬೇ,” ಎಂದಳು, ಉರಿಯುವ ನಾಲಗೆಯಲ್ಲಿ.