ಬಲಹೆಗಲ ಶಲ್ಯ

ಪೆಟ್ಟಿಗೆಯಿಂದ ರೇಷ್ಮೆ ಶಲ್ಯ ತೆಗೆದಾಗ ಬರುವ ಕರ್ಪೂರದ ವಾಸನೆಗೆ ಇಂದಿಗೂ ನನ್ನ ಅಂಗೈ ಬೆವರುತ್ತದೆ.

ನಿಜಾಮನ ಕಾಲ, ಲಿಂಗಸುಗೂರಿನಲ್ಲಿ ನಮ್ಮಣ್ಣನ ಮದುವೆ. ಅದಕ್ಕೆ ಎರಡು ದಿನ ಮೊದಲು ನಿಜಾಮನ ವಿರುದ್ಧದ ಕರಪತ್ರ ಹೊತ್ತು ಹೊಳೆ ದಾಟುವಾಗ ಪೊಲೀಸರ ಗುಂಡು ಅವನ ಬಲಹೆಗಲನ್ನು ಸವರಿಕೊಂಡು ಹೋಗಿತ್ತು. ಗುಂಡು ತಗುಲಿದವನನ್ನು ಹುಡುಕುತ್ತಿದ್ದ ಪೊಲೀಸ್ ಅಮೀನ ಕರೆಯದಿದ್ದರೂ ಹಂದರಕ್ಕೆ ಬಂದು ಕುಳಿತಿದ್ದ.

ಅವ್ವ ಬಿಳಿ ಶಲ್ಯವನ್ನು ಮಡಿಚಿಟ್ಟು, ಕೆಂಪು ರೇಷ್ಮೆಯದನ್ನು ತೆಗೆದು ಅಣ್ಣನ ಬಲಹೆಗಲಿಗೆ ಹೊದಿಸಿದಳು. ಕಳಸ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಆ ಕೆಂಪು ಒಂದು ಕಡೆ ಒದ್ದೆಯಾಗುತ್ತಿರುವುದು ಕಾಣುತ್ತಿತ್ತು.

“ಬಲಕ್ಕ ಯಾಕ ಹಾಕೀರಿ? ತಿಥಿ ದಿನ ಹಾಕ್ತಾರ ಹಂಗ,” ಎಂದರು ಬೀಗರು.

“ನಮ್ಮ ಮನ್ಯಾಗ ಮೊದಲಿಂದ ಹಿಂಗ ಐತ್ರೀ,” ಎಂದಳು ಅವ್ವ.

ಅಮೀನ ಎದ್ದು ಬಂದು ನನ್ನತ್ತ ಬಗ್ಗಿದ. “ಹೌದೇನ್ ಬೇಟಿ?”

ಕಳಸದ ನೀರು ತುಳುಕಿ ನನ್ನ ಪಾದದ ಮೇಲೆ ಬಿತ್ತು.

“ಹೌದ್ರೀ,” ಎಂದೆ. ನಾನು ನೋಡಿದ ಮೊದಲ ಮದುವೆಯೇ ಅದು.

ಆ ಅಮೀನ ವರ್ಗವಾಗಿ ಹೋಗಿ ಎಷ್ಟೋ ವರ್ಷಗಳಾದ ಮೇಲೆ ತಮ್ಮಂದಿರ ಮದುವೆಗಳಾದವು. ಆಗಲೂ ಅವ್ವ ಒಮ್ಮೆ ಹಂದರದ ಬಾಗಿಲ ಕಡೆ ನೋಡಿ, ಶಲ್ಯವನ್ನು ಬಲಹೆಗಲಿಗೇ ಹೊದಿಸಿದಳು.