ಐತವಾರದ ಪಾಯಾ

‘ಟಪ್’ ಎಂದು ಸದ್ದಾಯಿತು. ನಡುಗೆರೆಯತ್ತ ಜಿಗಿದಿದ್ದ ವಾಡಿಯ ದೇವೀಂದ್ರಪ್ಪ ಧೊಪ್ಪನೆ ಬಿದ್ದ. ಬಿದ್ದಲ್ಲಿಂದಲೇ ಹಿಂತಿರುಗಿ ಕಿರುಚಿದ: “ಯಾವನಲೇ ಹಿಂದಿಂದ ಒದ್ದಾಂವ?”

ಹಿಂದೆ ಇದ್ದವನು ಒಬ್ಬನೇ, ಶಹಾಬಾದ್ ಕಬಡ್ಡಿ ತಂಡದ ನಾಯಕ ಬಂದೇನವಾಜ್. ಹಿಡಿಯುವ ಭರದಲ್ಲಿ ಕಾಲು ಚಾಚಿದ್ದು ನಿಜ. ತಾಗಿತೋ ಇಲ್ಲವೋ, ಆ ಧೂಳಿನಲ್ಲಿ ಅಲ್ಲಾನೇ ಬಲ್ಲ. ಆದರೆ ಅಷ್ಟು ದೊಡ್ಡ ಸದ್ದು ಕೇಳಿದ ಮೇಲೆ ಅನುಮಾನವೆಲ್ಲಿಯದು? ಅಳುತ್ತ ಅವನೇ ದೇವೀಂದ್ರಪ್ಪನನ್ನು ಹೊತ್ತು ಗುಲ್ಬರ್ಗಾದ ರೈಲು ಹತ್ತಿದ.

ದವಾಖಾನೆಯಲ್ಲಿ ಡಾಕ್ಟರ್ ಗುರುಲಿಂಗಯ್ಯ ರೋಗಿಯನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಒಳ್ಳೆಯ ಕಾಲಿನ ಪಾದ ಅಲುಗಿತು. ಇನ್ನೊಂದು ಜಪ್ಪಯ್ಯ ಎನ್ನಲಿಲ್ಲ. ಹಿಮ್ಮಡಿಯ ಮೇಲಿನ ದಪ್ಪ ನರ ಎರಡು ತುಂಡಾಗಿತ್ತು. ಬಂದೇನವಾಜನನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡರು. ತುಂಡುಗಳನ್ನು ಎಳೆದು ಕೂಡಿಸಿ ಹೊಲಿದು, ಹೊಲಿಗೆ ಜಗ್ಗದಿರಲೆಂದು ಪಾದವನ್ನು ಕೆಳಗೆ ಬಾಗಿಸಿಯೇ ಪ್ಲಾಸ್ಟರು ಹಾಕಿದರು.

ಬಂದೇನವಾಜ್ ಆಣೆ ಮಾಡಿದ: ದೇವೀಂದ್ರಪ್ಪ ಎದ್ದು ನಡೆಯುವ ತನಕ ತಾನು ಅಂಕಣ ಮೆಟ್ಟುವುದಿಲ್ಲ. ಶಹಾಬಾದಿನವರು ಬಾಯಿ ಬಡಿದುಕೊಂಡರು. ಮೂರು ವರ್ಷದಿಂದ ಪಂದ್ಯಾವಳಿಯ ಕಪ್ಪು ಅವರದೇ. ದೇವೀಂದ್ರಪ್ಪನಿಲ್ಲದ ವಾಡಿಯಲ್ಲಿ ಇನ್ನೂ ಆರು ಗಟ್ಟಿಗರಿದ್ದರು. ಬಂದೇನವಾಜನಿಲ್ಲದ ಶಹಾಬಾದಿನಲ್ಲಿ ಉಳಿದದ್ದು ಬರೀ ನಿಕ್ಕರು!

ಕಾಲಿಗೆ ಕಾಲೇ ಮದ್ದೆಂದು ಬಂದೇನವಾಜನ ತಾಯಿ ಸೈದಾನಬಿ ಪ್ರತಿ ಐತವಾರ ಆಡಿನ ಕಾಲಿನ ಪಾಯಾ ಸಾರು ಕುದಿಸಿದಳು. ಪಂದ್ಯಗಳಿದ್ದದ್ದೂ ಐತವಾರವೇ. ತಂಡ ಅತ್ತ ಅಂಕಣಕ್ಕಿಳಿದರೆ, ನಾಯಕ ಇತ್ತ ಡಬ್ಬಿ ಕಟ್ಟಿಕೊಂಡು ವಾಡಿಗೆ ಸೈಕಲ್ ತುಳಿಯುತ್ತಿದ್ದ. ದೇವೀಂದ್ರಪ್ಪ ಸೊರ್ರೆಂದು ಹೀರಿ ಬೆರಳು ನೆಕ್ಕುತ್ತಿದ್ದ.

“ಮಾಫ್ ಮಾಡೀದೇನೋ ನನಗ?”

“ಏ ಹುಚ್ಚ, ಮನಸಿಗಿ ಹಚ್ಕೋಬ್ಯಾಡ. ಮುಂದಿನ ಐತವಾರನೂ ಬರ್ತಿ ಹೌದಿಲ್ಲೋ?”

ಎಂಥ ದೊಡ್ಡ ಮನಸ್ಸು! ಬಂದೇನವಾಜನ ಕಣ್ಣು ತುಂಬಿ ಬರುತ್ತಿತ್ತು.

ಶಹಾಬಾದ್ ಸೋತಿತು. ಮತ್ತೆ ಸೋತಿತು. ಎಂಟನೆಯ ಐತವಾರ ಕಪ್ಪು ಬಾಜಾ ಬಜಂತ್ರಿಯೊಂದಿಗೆ ವಾಡಿಗೆ ಹೋಯಿತು. ಮರುದಿನ ದವಾಖಾನೆಯಲ್ಲಿ ಪ್ಲಾಸ್ಟರು ಬಿಚ್ಚಿದರು. ದೇವೀಂದ್ರಪ್ಪ ಕೋಲು ಹಿಡಿದು ವರಾಂಡದಲ್ಲಿ ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಬಂದೇನವಾಜ್ ಒಳಗೆ ನುಗ್ಗಿ ಡಾಕ್ಟರ ಕಾಲು ಹಿಡಿದ.

“ನಿಮ್ಮ ಉಪಕಾರ ಮರಿಯಂಗಿಲ್ರಿ ಸಾಹೇಬ್ರ. ಒದ್ದಾಂವ ನಾನೇ! ಪಾಪ ಎಲ್ಲಾ ನಂದೇ!”

“ಯಾರೂ ಒದ್ದಿಲ್ಲೋ ಮಾರಾಯ,” ಡಾಕ್ಟರು ನಕ್ಕರು. “ಜಿಗಿಯೋ ಮುಂದ ನರ ತಾನೇ ಹರದದ. ಹರಿಯೋ ಮುಂದ ಭಾಳ ಮಂದಿಗಿ ಹಿಂದಿಂದ ಒದ್ದಂಗೇ ಅನಸ್ತದ.”

ಬಂದೇನವಾಜ್ ಕೋಣೆಯ ತುಂಬ ಕುಣಿದ. ನರ್ಸ್ ನೀಲಾಬಾಯಿಗೂ ಸಲಾಂ ಹೊಡೆದ. ಎರಡು ತಿಂಗಳ ಭಾರ ಒಂದೇ ಮಾತಿಗೆ ಇಳಿದಿತ್ತು.

“ಯಾ ಅಲ್ಲಾ! ಈಗೇ ಹೋಗಿ ದೇವೀಂದ್ರಪ್ಪಗ ಹೇಳ್ತೀನ್ರಿ!”

“ಅವಗ ಆಪರೇಶನ್ ದಿನಾನೇ ಹೇಳೀನಿ,” ಎಂದರು ಡಾಕ್ಟರು. “ಕಪ್ಪು ವಾಡಿಗಿ ಬರೋ ತನಕ ನಿನಗ ಹೇಳಬ್ಯಾಡ್ರಿ ಅಂತ ಕೈ ಮುಗದಿದ್ದ.”