ನೀಲಿ ದಾರ

"ಎಲ್ಲ ಹಸಿರೇ ಉಂಟಲ್ಲ ಮಾರಾಯ್ತಿ!" ಸುಕೇಶ್ ಪಕ್ಕದ ಮೇಜಿನ ಒಲಿಂಡಾಳಿಗೆ ಪರದೆ ತೋರಿಸಿದ. ಲ್ಯಾಬ್ ರಿಪೋರ್ಟುಗಳನ್ನು ರೋಗಿಗಳ ಮೊಬೈಲಿಗೆ ಮುಟ್ಟಿಸುವುದು ಮಣಿಪಾಲದ ಆ ಪುಟ್ಟ ಕಚೇರಿಯ ಕೆಲಸ. ಒಂದೊಂದು ರಿಪೋರ್ಟನ್ನೂ ಹನ್ನೊಂದು ಪ್ರೋಗ್ರಾಮುಗಳು ಕೈಯಿಂದ ಕೈಗೆ ದಾಟಿಸಬೇಕು. ಹನ್ನೊಂದೂ ಹಸಿರು ತೋರಿಸಿ, ತಾವು ಸರಿಯಾಗಿದ್ದೇವೆ ಎನ್ನುತ್ತಿದ್ದವು.

ಕಚೇರಿ ಗುಡಿಸುವ ರತ್ನವ್ವ ಮಾತ್ರ ಒಲಿಂಡಾಳ ಮೇಜು ಬಿಟ್ಟು ಕದಲಲಿಲ್ಲ. "ಮೂರು ದಿನ ಆತ್ರೀ ಮೇಡಂ. ಕಳಿಸೇವಿ, ಹೋಗು ಅಂತಾರ ಲ್ಯಾಬಿನವ್ರು. ರಿಪೋರ್ಟ್ ಇಲ್ಲಾಂದ್ರ ನಾಳೆ ನಮ್ಮ ಮನಿಯವ್ರ ಆಪರೇಷನ್ ಮಾಡಂಗಿಲ್ಲಂತ."

ಒಲಿಂಡಾಳಿಗೆ ಶಂಕರಪುರದ ತನ್ನ ಮನೆಯ ಜಗಲಿ ನೆನಪಾಯಿತು. ಅಮ್ಮ ಆನ್ಸಿಲ್ಲಾ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಚೆಂಡು ಏಜೆಂಟ್, ಬಸ್ಸು, ಅಂಗಡಿ ಎಂದು ಎಷ್ಟು ಕೈ ದಾಟುತ್ತಿತ್ತು! ಹೂ ಬಾಡಿತ್ತೆಂದು ದೂರು ಬಂದರೆ ಎಲ್ಲರದೂ ಒಂದೇ ಮಾತು, ನನ್ನದಲ್ಲ. ಆಮೇಲೆ ಅಮ್ಮ ತನ್ನ ಪ್ರತಿ ಚೆಂಡಿಗೂ ನೀಲಿ ದಾರದ ಗಂಟು ಹಾಕತೊಡಗಿದಳು.

"ಎಂತದು ಮಾರಾಯ್ತಿ, ಹೂವಿಗೂ ಹೆಸರಾ?" ಎಂದು ಪಕ್ಕದ ಮನೆಯ ಅಮ್ಮಣ್ಣಿ ನಕ್ಕಿದ್ದರು.

"ಎಲ್ಲಿ ಬಾಡಿತು ಅಂತ ಗೊತ್ತಾಗ್ಬೇಕಲ್ವಾ?" ಎಂದಿದ್ದಳು ಅಮ್ಮ.

ಅಯ್ಯೋ, ಆ ಜಗಲಿಯ ಪರಿಮಳ! ಅಮ್ಮ ಹೋಗಿ ಆರು ವರ್ಷವಾದರೂ ಮೂಗಿನಿಂದ ಹೋಗಿಲ್ಲ.

ಒಲಿಂಡಾ ರತ್ನವ್ವನ ಗಂಡ ರೇವಪ್ಪನ ರಿಪೋರ್ಟಿಗೆ ಒಂದು ಗುರುತಿನ ಸಂಖ್ಯೆ ಅಂಟಿಸಿದಳು. ಕೈಗೆ ಬಂದಾಗ, ಕೈ ಬಿಟ್ಟಾಗ ಅದನ್ನು ಬರೆದಿಡುವಂತೆ ಹನ್ನೊಂದು ಪ್ರೋಗ್ರಾಮುಗಳಿಗೂ ಹೇಳಿ ರಿಪೋರ್ಟನ್ನು ಮೊದಲಿನಿಂದ ಕಳುಹಿಸಿದಳು. ಆ ಸಂಖ್ಯೆ ಒಂಬತ್ತನೆಯ ಪ್ರೋಗ್ರಾಮಿನೊಳಗೆ ಹೋಯಿತು, ಹೊರಗೆ ಬರಲಿಲ್ಲ.

ಸುಕೇಶ್ ಅದನ್ನು ತೆರೆದು ಓದಿದ. "ಮನೆತನದ ಹೆಸರು ಇಲ್ಲದಿದ್ದರೆ ರಿಪೋರ್ಟನ್ನೇ ಬಿಟ್ಟುಬಿಡುವುದಂತೆ! ತಪ್ಪು ಅಂತ ಹೇಳುವುದೂ ಇಲ್ಲ. ಯಾವ ಪುಣ್ಯಾತ್ಮ ಬರೆದದ್ದು ಇದನ್ನು..." ಅಷ್ಟರಲ್ಲಿ ಬರೆದವರ ಹೆಸರಿನ ಮೇಲೆ ಅವನ ಕಣ್ಣು ಬಿತ್ತು.

ಬರೆದವಳು ಒಲಿಂಡಾ ಮಿನೇಜಸ್. ಭಾನುವಾರದ ಪ್ರಾರ್ಥನೆಗೆ ಹೋಗುತ್ತಿದ್ದ ಇಗರ್ಜಿಯ ಪಟ್ಟಿಯಲ್ಲಿ ಎಲ್ಲರಿಗೂ ಮನೆತನದ ಹೆಸರು ನೋಡಿ ಬೆಳೆದವಳಿಗೆ, ಬರೀ ರೇವಪ್ಪ ಎಂಬವರೂ ಇರುತ್ತಾರೆಂದು ಹೊಳೆದಿರಲೇ ಇಲ್ಲ.

ಆ ಸಾಲು ತಿದ್ದಿ ಮತ್ತೆ ಕಳುಹಿಸಿದ ಮೇಲೆ ರತ್ನವ್ವನ ಮೊಬೈಲ್ ಟಿಣ್ ಎಂದಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರು ತಡದಿದ್ರು ರೀ ಇದನ್ನ?"

"ಎಂತದೋ ಸಿಸ್ಟಮ್ ತೊಂದರೆ," ಸುಕೇಶ್ ಬೇಗ ಹೇಳಿದ.

ಒಮ್ಮೆ ಬಾಡಿ ವಾಪಸು ಬಂದ ಚೆಂಡಿನಲ್ಲಿ ಅಮ್ಮನದೇ ನೀಲಿ ದಾರ ಇತ್ತು. ದಾರ ಕಿತ್ತು ಬಿಸಾಡಿದ್ದರೆ ಅದು ಅವಳದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಮ್ಮ ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಏಜೆಂಟರ ಅಂಗಡಿಗೆ ನಡೆದಿದ್ದಳು.

"ತಡೆದದ್ದು ನಾನು, ರತ್ನವ್ವ," ಎಂದಳು ಒಲಿಂಡಾ.